ಎಡಗೈಯ ಟಕ್ಕು

ಮೊನ್ನೆ ನಮ್ಮ ಶಾಲೆಗೆ ಆಟದ ಸಾಮಾನಿನ ದೊಡ್ಡದೊಂದು ಪೆಟ್ಟಿಗೆ ಬಂತು. ಆಟದ ಮೇಷ್ಟ್ರು ರಜೆಯಲ್ಲಿದ್ದರು. ತೆಗೆದು ನೋಡಿ ಸಹಿ ಹಾಕುವ ಕೆಲಸ, ಬೇರೆ ಯಾರೂ ಒಪ್ಪದಿದ್ದರಿಂದ, ವಿಜ್ಞಾನದ ಮೇಷ್ಟ್ರಾದ ನನ್ನ ಪಾಲಿಗೆ ಬಂತು. ಟೇಬಲ್ ಟೆನ್ನಿಸ್ ಬ್ಯಾಟುಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಬಿಚ್ಚಿದೆನೋ ಇಲ್ಲವೋ, ಹೊಸ ರಬ್ಬರಿನ ವಾಸನೆ ಗಪ್ಪಂತ ಮೂಗಿಗೆ ಹೊಡೆಯಿತು. ನಿಮಗೂ ಗೊತ್ತಿರುತ್ತದೆ ಆ ವಾಸನೆ. ಹೊಸ ಹವಾಯಿ ಚಪ್ಪಲಿಯದ್ದು, ಹೊಸ ಸೈಕಲ್ ಟೈರಿನದ್ದು. ಎಲ್ಲರಿಗೂ ಅದರಿಂದ ಬಾಲ್ಯ ನೆನಪಾಗುತ್ತದಂತೆ. ನನಗೆ ಮಾತ್ರ ಮುಖ ಬಿಸಿಯಾಯಿತು. ನನಗೆ ನೆನಪಾದದ್ದು ಬಾಲ್ಯವಲ್ಲ, ಹೋದ ವರ್ಷ ಬಿಳಿಗೆರೆಯ ಅಕ್ಕನ ಮನೆಗೆ ನಾನು ಹೊತ್ತುಕೊಂಡು ಹೋದ ಇನ್ನೊಂದು ಪೆಟ್ಟಿಗೆ.

ಆ ಮನೆಯಲ್ಲಿರುವುದು ನಮ್ಮ ಗಿರಿಜಕ್ಕ ಮತ್ತು ರೇವಣ್ಣ ಭಾವ. ಭಾವನಿಗೆ ತೆಂಗಿನ ತೋಟವಿದೆ, ಅದು ಊರಲ್ಲಿ ಎಲ್ಲರಿಗೂ ಇದೆ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮದುವೆ ಮನೆಗಳಲ್ಲಿ ಅವರನ್ನು ಜನ ಗುರುತಿಸುತ್ತಿದ್ದದ್ದು ತೋಟದಿಂದಲ್ಲ, ಡ್ರಮ್ಮಿನಿಂದ. ಸುಮಾರು ಮೂವತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸಿದವರು. ಹಾಡುವವರು ಬದಲಾದರು, ಕೀಬೋರ್ಡಿನವರು ಬದಲಾದರು, ಹಿಂದುಗಡೆ ಮೂಲೆಯಲ್ಲಿ ಕೂತ ಭಾವ ಮಾತ್ರ ಬದಲಾಗಲಿಲ್ಲ.

ಅವರ ಕಿವಿಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹಾಕಿ, ವರ್ಷಗಟ್ಟಲೆ ಬಿಟ್ಟು ಕೊಬ್ಬರಿ ಮಾಡುತ್ತಾರೆ. ಒಳಗಿನ ನೀರು ಇಂಗಿ, ಗಿಟಕು, ಅಂದರೆ ಒಣಗಿದ ತಿರುಳು, ಚಿಪ್ಪನ್ನು ಬಿಟ್ಟುಕೊಂಡರೆ ಕಾಯಿ ಅಲ್ಲಾಡಿಸಿದಾಗ ಗುಡುಗುಡು ಎನ್ನುತ್ತದೆ. ನಾವೆಲ್ಲ ಕಾಯಿಯನ್ನು ಕಿವಿ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಮತ್ತೊಮ್ಮೆ ಅಲ್ಲಾಡಿಸಿ, ಕಡೆಗೂ ತಪ್ಪು ಹೇಳುತ್ತಿದ್ದೆವು. ಭಾವ ಅಟ್ಟದ ಕೆಳಗೆ ನಿಂತು, ಮೇಲೆ ಬೇರೆಯವರು ಅಲ್ಲಾಡಿಸಿದ್ದನ್ನು ಕೇಳಿಯೇ ‘ಅದ್ನ ಇಡು, ಇನ್ನೂ ಹಸಿ ಐತೆ’ ಎನ್ನುತ್ತಿದ್ದರು. ಅಂಥ ಕಿವಿ. ಆ ಕಿವಿಯೇ ಅವರಿಗೆ ಮೋಸ ಮಾಡುತ್ತದೆಂದು ಯಾರು ಅಂದುಕೊಂಡಿದ್ದರು?

ಹೋದ ವರ್ಷ ಭಾವನಿಗೆ ಲಕ್ವ ಹೊಡೆಯಿತು. ಬೆಳಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೇ ಗೋಡೆಗೆ ಒರಗಿದರಂತೆ. ಆಸ್ಪತ್ರೆಯಿಂದ ಬಂದಾಗ ಮಾತು ಸರಿಯಿತ್ತು, ಕಾಲು ಎಳೆಯುತ್ತಿತ್ತು, ಎಡಗೈ ಮಾತ್ರ ಬೇರೆ ಯಾರದೋ ಕೈಯನ್ನು ಭುಜಕ್ಕೆ ನೇತುಹಾಕಿದಂತೆ ಇತ್ತು. ಸ್ವಲ್ಪ ಎತ್ತಬಲ್ಲರು, ಬಿಡಬಲ್ಲರು. ಆದರೆ ಬೆರಳು ಏನನ್ನಾದರೂ ಮುಟ್ಟಿದರೆ ಅವರಿಗೆ ತಿಳಿಯುತ್ತಿರಲಿಲ್ಲ. ‘ಕಣ್ಣು ಮುಚ್ಕೊಂಡ್ರೆ ಈ ಕೈ ಇಲ್ವೇ ಇಲ್ಲ ಕಣ್ಲಾ’ ಎಂದರು ಒಮ್ಮೆ, ಬಹಳ ಸಾಧಾರಣವಾಗಿ, ಪೇಪರ್ ಬಂದಿಲ್ಲ ಎಂದು ಹೇಳುವ ಹಾಗೆ.

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಡಾಕ್ಟರಮ್ಮ ಒಂದು ದಿಂಬು ಮುಂದಿಟ್ಟು, ಎರಡೂ ಕೈಯಿಂದ ಒಟ್ಟಿಗೆ ಬಡಿಯಿರಿ ಎಂದರು. ಒಳ್ಳೆಯ ಕೈಯನ್ನು ನೋಡಿ ಕೆಟ್ಟ ಕೈ ಕಲಿಯುತ್ತದಂತೆ. ಭಾವ ಎರಡು ದಿನ ಬಡಿದು ದಿಂಬನ್ನು ಪಕ್ಕಕ್ಕೆ ತಳ್ಳಿದರು. ‘ದಿಂಬು ಬಡಿಯಾಕೆ ನಾನೇನು ಹಾಸಿಗೆ ಹೊಲಿಯೋನಾ? ಸದ್ದಿಲ್ದೆ ಏನ್ ಬಾರ್‍ಸೋದು? ಹೊಡೀತೋ ಇಲ್ವೋ ಹೆಂಗ್ ಗೊತ್ತಾಯ್ತದೆ?’

ಇಲ್ಲಿ ನಾನು ಪ್ರವೇಶಿಸಿದೆ. ನೀವು ನನ್ನನ್ನು ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ತುರುವೇಕೆರೆಯಲ್ಲಿ ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ವಿದ್ಯುತ್ತು, ಕಾಂತತೆ, ಶಬ್ದ ಎಂದು ಪಾಠ ಮಾಡಿಕೊಂಡು ಬಂದವನು. ನನ್ನ ಮನೆಯ ಕರೆಗಂಟೆ ಕೆಟ್ಟು ಮೂರು ವರ್ಷವಾಗಿದೆ, ಅದು ಬೇರೆ ಮಾತು. ಸದ್ದು ಬೇಕು ಎಂದ ಕೂಡಲೇ ನನ್ನೊಳಗಿನ ಮೇಷ್ಟ್ರು ಎದ್ದು ಕೂತ.

ಆರ್ಕೆಸ್ಟ್ರಾದ ಕಡೆಯ ವರ್ಷಗಳಲ್ಲಿ ಭಾವನ ಬಳಿ ಇದ್ದದ್ದು ಎಲೆಕ್ಟ್ರಾನಿಕ್ ಡ್ರಮ್. ಅದರ ಪ್ಯಾಡಿಗೆ ಸ್ವಂತ ದನಿಯಿಲ್ಲ. ಊಟದ ತಟ್ಟೆಯಷ್ಟಗಲದ ರಬ್ಬರಿನ ಬಿಲ್ಲೆ ಅದು. ಹೊಡೆದರೆ ಅಡಿಯಲ್ಲಿರುವ ಸೆನ್ಸರು ಅದುರಿ, ತಂತಿಯ ಮೂಲಕ ಒಂದು ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ. ಪೆಟ್ಟಿಗೆ ಸ್ಪೀಕರಿನಲ್ಲಿ ಸದ್ದು ಮಾಡುತ್ತದೆ. ಬಲಗಡೆಯ ಪ್ಯಾಡಿಗೆ ‘ಧಂ’. ಎಡಗಡೆಯದು ಸ್ನೇರ್, ಅದಕ್ಕೆ ‘ಟಕ್’. ಆ ಟಕ್ ಎಡಗೈಯ ಕೆಲಸ. ಅಟ್ಟದಿಂದ ಇಳಿಸಿ ನೋಡಿದರೆ, ಕಾಯಿಗಳ ನಡುವೆ ಬಿದ್ದಿದ್ದ ಆ ಸ್ನೇರ್ ಪ್ಯಾಡು ಸತ್ತುಹೋಗಿತ್ತು.

ಮೊಬೈಲಿನಲ್ಲಿ ಹುಡುಕಿದೆ. ಡಿಜಿಟಲ್ ಸ್ನೇರ್ ಪ್ಯಾಡು ಎಂಬುದೊಂದು ಇದೆಯಂತೆ. ಬೆರಳು ಸವರಿದರೂ ಸಾಕಂತೆ, ಅದು ಕೇಳಿಸಿಕೊಳ್ಳುತ್ತದಂತೆ. ‘ಎಲೆಕ್ಟ್ರಾನಿಕ್ ಡ್ರಮ್ಮುಗಳಿಗೆ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ನಮ್ಮದೂ ಎಲೆಕ್ಟ್ರಾನಿಕ್ ಡ್ರಮ್ಮೇ ತಾನೆ? ಕೆಳಗೆ ಸಣ್ಣಕ್ಷರದಲ್ಲಿ ಇನ್ನೇನೋ ಇತ್ತು. ಪರೀಕ್ಷೆಯಲ್ಲಿ ಪ್ರಶ್ನೆ ಪೂರ್ತಿ ಓದದ ಮಕ್ಕಳಿಗೆ ನಾನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ. ನಾನು ಓದಲಿಲ್ಲ, ತರಿಸಿದೆ.

ಬಿಳಿಗೆರೆಯ ಜಗಲಿಯ ಮೇಲೆ ಪೆಟ್ಟಿಗೆ ಬಿಚ್ಚಿದಾಗ ಆ ರಬ್ಬರಿನ ವಾಸನೆ ಮನೆಯೆಲ್ಲ ತುಂಬಿತು. ಭಾವ ಬಲಗೈಯಿಂದ ಪ್ಯಾಡನ್ನು ಸವರಿ ಸವರಿ ನೋಡಿದರು. ನಾನು ತಂತಿ ತೆಗೆದೆ. ಅವರ ಹಳೆಯ ಪೆಟ್ಟಿಗೆಯ ಬೆನ್ನಿಗೆ ದುಂಡು ಪಿನ್ನಿನ ತೂತುಗಳು. ನನ್ನ ಹೊಸ ತಂತಿಯ ತುದಿ ಚಪ್ಪಟೆ, ಮೊಬೈಲ್ ಚಾರ್ಜರಿನ ಹಾಗೆ. ಆದರೆ ಹುಡುಕಿದಾಗ ಪೆಟ್ಟಿಗೆಯ ಮೂಲೆಯಲ್ಲಿ ಚೌಕನೆಯ ಯು.ಎಸ್.ಬಿ. ತೂತೊಂದು ಸಿಕ್ಕಿತು. ತಿಪಟೂರಿಗೆ ಹೋಗಿ ಅದಕ್ಕೊಪ್ಪುವ ತಂತಿ ತಂದೆ. ತೂತಿಗೆ ತಂತಿ ಸರಿಯಾಗಿ ಕೂತಿತು. ಭಾವ ಹೊಡೆದರು. ಸದ್ದಿಲ್ಲ. ನಾನು ಹೊಡೆದೆ. ಸದ್ದಿಲ್ಲ. ಅಕ್ಕ ಅಡುಗೆಮನೆಯಿಂದ ಬಂದು ತೋರುಬೆರಳಿನಿಂದ ಒಮ್ಮೆ ಕುಕ್ಕಿ, ‘ಕರೆಂಟ್ ಐತೇನೋ?’ ಎಂದಳು. ಕರೆಂಟಿತ್ತು, ತಂತಿಯಿತ್ತು, ತೂತಿತ್ತು, ಏನಿಲ್ಲ ಎಂಬುದೇ ತಿಳಿಯಲಿಲ್ಲ. ಒಗ್ಗುವ ಪೆಟ್ಟಿಗೆಗಳ ಪಟ್ಟಿಯೊಂದು ಹೊಸ ಪ್ಯಾಡಿನ ಜೊತೆ ಬಂದ ಕಾಗದದಲ್ಲಿತ್ತು. ಅದರಲ್ಲಿ ನಮ್ಮ ಪೆಟ್ಟಿಗೆಯ ನಂಬರಿಗೆ ಹತ್ತಿರದ ನಂಬರುಗಳೆಲ್ಲ ಇದ್ದವು, ನಮ್ಮದು ಇರಲಿಲ್ಲ. ತಂಬಿಗೆ ತೊಳೆದ ಹಾಗೆ ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದೆ.

ಮಾರನೆಯ ದಿನ ಹಳೆಯ ಪೆಟ್ಟಿಗೆ, ಹೊಸ ಪ್ಯಾಡು ಹೊತ್ತು ತಿಪಟೂರಿನ ಜಬ್ಬಾರ್ ಸಾಹೇಬರ ಅಂಗಡಿಗೆ ಹೋದೆ. ಅವರು ಮೈಕು, ಆಂಪ್ಲಿಫಯರು ರಿಪೇರಿ ಮಾಡುವವರು. ಭಾವನ ಆರ್ಕೆಸ್ಟ್ರಾಕ್ಕೆ ಮೊದಲಿನಿಂದ ಸೌಂಡು ನೋಡಿಕೊಂಡವರು. ಮೂಗಿನ ತುದಿಗೆ ಕನ್ನಡಕ ಇಳಿಸಿ ಎರಡನ್ನೂ ನೋಡಿದರು.

‘ಮೇಷ್ಟ್ರೇ, ಈ ಪೆಟ್ಗೆದು ಈ ತೂತು ಕಂಪ್ಯೂಟರ್ ಜೊತೆ ಮಾತಾಡೋಕೆ. ಕಂಪ್ಯೂಟರ್ ಕೇಳಿದ್ರೆ ಇದು ಹೇಳುತ್ತೆ. ನಿಮ್ ಹೊಸಾ ಪ್ಯಾಡೂ ಹಂಗೇನೆ, ಯಾರಾದ್ರೂ ಕೇಳಿದ್ರೆ ಹೇಳುತ್ತೆ. ಇಬ್ರೂ ಮದ್ವೆ ಮನೆಗೆ ಬಂದಿರೋ ನೆಂಟ್ರು ಇದ್ದಂಗೆ ಕಣ್ರೀ. ಅವ್ರೇ ಮೊದ್ಲು ಮಾತಾಡಿಸ್ಲಿ ಅಂತ ಇಬ್ರೂ ಕೂತವ್ರೆ.’

‘ನಡುವೆ ಏನಾದರೂ ಹಾಕಿದರೆ?’

‘ಏನ್ ಹಾಕ್ತೀರಾ? ಇದ್ರ ಭಾಷೆ ತಿಳಿಯೋ ಹೊಸ ಪೆಟ್ಗೇನೇ ತರ್ಬೇಕು. ವಾಪಸ್ ಕಳಿಸ್ಬುಡಿ.’

ಕಳಿಸಿದೆ. ವಾಪಸು ಮಾಡಲು ಕಾರಣವೇನೆಂದು ಮೊಬೈಲು ಕೇಳಿತು. ವಸ್ತು ಒಡೆದಿದೆ, ಬಣ್ಣ ಬೇರೆ, ಮನಸ್ಸು ಬದಲಾಯಿತು ಎಂದು ಮುಂತಾಗಿ ಕೊಟ್ಟಿತ್ತು. ಸಂಬಂಧಪಟ್ಟವನಿಗೆ ತಿಳಿವಳಿಕೆ ಸಾಲದು ಎಂಬುದು ಅದರಲ್ಲಿ ಇರಲಿಲ್ಲ.

ಜಬ್ಬಾರ್ ಸಾಹೇಬರು ನನ್ನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ‘ರೇವಣ್ಣಂದು ಹಳೇ ಪ್ಯಾಡು ತಗೊಂಬನ್ನಿ’ ಎಂದರು. ಸತ್ತ ಸೆನ್ಸರನ್ನು ಕಿತ್ತು, ಕರೆಗಂಟೆಯೊಳಗೆ ಇರುತ್ತದಲ್ಲ ಅಂಥ ತೆಳು ಹಿತ್ತಾಳೆ ಬಿಲ್ಲೆಯೊಂದನ್ನು ಅಂಟಿಸಿದರು. ಆಮೇಲೆ ತಾವೇ ಬಿಳಿಗೆರೆಗೆ ಬಂದು, ಎರಡು ಪ್ಯಾಡನ್ನೂ ಭಾವನ ಹಳೆಯ ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಪೆಟ್ಟಿಗೆಯಲ್ಲಿ ಎಡಗಡೆಯದರ ಸೂಕ್ಷ್ಮತೆಯನ್ನು ತಿರುಗಿಸುವಷ್ಟೂ ತಿರುಗಿಸಿದರು. ‘ಈಗ ಸೊಳ್ಳೆ ಕೂತ್ರೂ ಕೇಳುತ್ತೆ. ಹೊಡಿ ರೇವಣ್ಣ.’

ಭಾವ ಕಣ್ಣು ಮುಚ್ಚಿದರು. ಎರಡೂ ಕೈ ಎತ್ತಿದರು, ಎರಡೂ ಇಳಿಸಿದರು. ಧಂ ಎಂದಿತು. ಅದರ ಜೊತೆಯಲ್ಲೇ, ಅದೇ ಕ್ಷಣಕ್ಕೆ, ಸಣ್ಣಗೆ ಟಕ್ ಎಂದಿತು.

ಭಾವ ಇನ್ನೊಮ್ಮೆ ಹೊಡೆದರು. ಧಂ, ಟಕ್. ಬಲಗೈಯ ಕಡ್ಡಿಯನ್ನು ಕೆಳಗಿಟ್ಟು, ಆ ಕೈಯಿಂದ ತಮ್ಮ ಎಡಗೈಯನ್ನು ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಮುಟ್ಟಿ ನೋಡಿಕೊಂಡರು. ‘ಬಂತು ಕಣೇ’ ಎಂದರು ಅಕ್ಕನಿಗೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದವಳು ಒಂದು ಗಂಟೆಯ ಮೇಲೆ ಒತ್ತು ಶಾವಿಗೆ, ಕಾಯಿಹಾಲು ಮಾಡಿಕೊಂಡೇ ಹೊರಗೆ ಬಂದಳು. ಸಾಹೇಬರೂ ನಾನೂ ಎರಡೆರಡು ಸಲ ಹಾಕಿಸಿಕೊಂಡು ಉಂಡೆವು. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ನಾನು ಈ ಕತೆಯನ್ನು ಹೇಳಿದ ರೀತಿ ಕೇಳಿದ್ದರೆ, ಆ ಹಿತ್ತಾಳೆ ಬಿಲ್ಲೆಯನ್ನು ಕಂಡುಹಿಡಿದವನೇ ನಾನು ಎಂದುಕೊಳ್ಳುತ್ತಿದ್ದಿರಿ.

ತಿಂಗಳೊಪ್ಪತ್ತು ಭಾವ ದಿನಕ್ಕೆ ಮೂರು ಹೊತ್ತು ಬಾರಿಸಿದರು. ಗಡ್ಡ ಬೋಳಿಸತೊಡಗಿದರು. ಸಂಪಿಗೆ ಎಂಬ ಊರಿನಲ್ಲಿ ಹಳೆಯ ಆರ್ಕೆಸ್ಟ್ರಾದವರೆಲ್ಲ ಸೇರಿ ಒಂದು ಸಂಜೆ ಹಾಡುವುದೆಂದು ಮಾತಾಗಿತ್ತು. ಒಂದೇ ಒಂದು ಹಾಡಿಗೆ ಕೂರುತ್ತೇನೆ ಎಂದು ಭಾವ ಒಪ್ಪಿಕೊಂಡರು. ಆಗಲೇ ಅವರಿಗೆ ಒಂದು ತೊಡಕು ಎದುರಾದದ್ದು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಹೋದಾಗ ನನ್ನನ್ನು ಕೂರಿಸಿಕೊಂಡು ಹೇಳಿದರು:

‘ಎರಡು ಕೈನೂ ಒಟ್ಗೆ ಹೊಡುದ್ರೆ ಟಕ್ ಬತ್ತೈತೆ. ಬಿಡಿಬಿಡಿಯಾಗಿ ಹೊಡುದ್ರೂ ಅದು ಧಂ ಜೊತೆಗೇ ಬಂದ್ಬುಡ್ತೈತೆ, ಎಡಗಡೆ ಸರದಿಗೆ ಬರಾದೇ ಇಲ್ಲ. ಹಾಡಿಗೆ ಬಿಡಿಬಿಡಿಯಾಗೇ ಬೇಕಲ್ಲಪ್ಪ. ಪೆಟ್ಗೆಲಿ ಏನೋ ದೋಷ ಐತೆ. ನೋಡು ವಸಿ.’

ಅವರು ಸ್ನಾನಕ್ಕೆ ಹೋದರು. ನಾನು ಪೆಟ್ಟಿಗೆಯ ಮುಂದೆ ಕೂತೆ. ಎಡಗಡೆಯ ಪ್ಯಾಡನ್ನು ಬೆರಳಿನಿಂದ ತಟ್ಟಿದೆ; ಟಕ್. ಸರಿಯಾಗೇ ಇದೆ. ಬಲಗಡೆಯದನ್ನು ತಟ್ಟಿದೆ, ಧಂ, ಟಕ್. ನನ್ನ ಇನ್ನೊಂದು ಕೈ ತೊಡೆಯ ಮೇಲಿತ್ತು. ಅದನ್ನೊಮ್ಮೆ ನೋಡಿಕೊಂಡೆ. ಮತ್ತೆ ಬಲಗಡೆಗೆ ತಟ್ಟಿದೆ, ಧಂ, ಟಕ್. ಎಡಗಡೆಯದನ್ನು ಮುಟ್ಟಿದವರೇ ಇಲ್ಲ, ಅದು ಟಕ್ ಎನ್ನುತ್ತಿದೆ. ಪೆಟ್ಟಿಗೆಯ ಮೇಲೆ ಅದರ ಕೆಂಪು ದೀಪವೂ ಮಿಣುಕುತ್ತಿದೆ. ಶಬ್ದ ಗಾಳಿಗಿಂತ ಕಬ್ಬಿಣದಲ್ಲಿ ಚೆನ್ನಾಗಿ ಹರಿಯುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವನು ನಾನೇ. ಆದರೂ ಏನಾಗುತ್ತಿದೆ ಎಂದು ಅರ್ಥವಾಗಲು, ಅಥವಾ ಅರ್ಥವಾದದ್ದನ್ನು ಒಪ್ಪಿಕೊಳ್ಳಲು, ಭಾವನ ಸ್ನಾನ ಮುಗಿಯುವಷ್ಟು ಹೊತ್ತು ಹಿಡಿಯಿತು.

ಬಂದವರಿಗೆ ‘ನೋಡ್ತೀನಿ ಭಾವ’ ಎಂದಷ್ಟೇ ಹೇಳಿ ನೇರ ಜಬ್ಬಾರ್ ಸಾಹೇಬರಲ್ಲಿಗೆ ಹೋದೆ. ಅವರು ಬೆಸುಗೆ ಕಡ್ಡಿಯನ್ನು ಕೆಳಗಿಟ್ಟರು. ‘ಯಾ ಅಲ್ಲಾ. ಬಲಗಡೆ ಏಟು ಸ್ಟ್ಯಾಂಡ್ ಪೈಪಲ್ಲಿ ಹರ್‍ದು ಆ ಕಡೆ ಬಿಲ್ಲೆಗೆ ಹೋಗ್ತಾ ಐತೆ. ನಾನೇ ಅಷ್ಟು ಜಾಸ್ತಿ ಮಾಡಿಟ್ಟಿದ್ನಲ್ಲ.’ ಕನ್ನಡಕ ತೆಗೆದು ಒರೆಸುತ್ತ, ‘ಎರಡನ್ನೂ ಬೇರೆ ಬೇರೆ ಇಟ್ರೆ ಆಗೋಯ್ತು. ಆದ್ರೆ ರೇವಣ್ಣಂಗೆ ನಾನ್ ಹೇಳಲ್ಲ ಮೇಷ್ಟ್ರೇ. ನನ್ ಕೈಲಾಗಲ್ಲ’ ಎಂದರು.

ಅಕ್ಕನಿಗೆ ಹಿತ್ತಿಲಲ್ಲಿ ಹೇಳಿದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನನ್ನ ಕೈ ಹಿಡಿದುಕೊಂಡಳು. ‘ಹೇಳ್ಬೇಡ ಕಣೋ. ಈಗ ನಗ್ತಾವ್ರೆ, ಊಟ ಮಾಡ್ತಾವ್ರೆ. ಸುಳ್ಳಾದ್ರೆ ಸುಳ್ಳೇ ಆಗ್ಲಿ, ಬುಡು.’

ಅವಳ ಮಾತು ನನಗೆ ಸರಿಯೆನಿಸಿತು. ಆದರೆ ಸಂಪಿಗೆಯ ಆ ಸಂಜೆ ನೆನಪಾಯಿತು. ಬೇರೆ ಸ್ಟ್ಯಾಂಡು, ಬೇರೆ ಪೆಟ್ಟಿಗೆ, ಎದುರಿಗೆ ಜನ. ಅಲ್ಲಿ ಟಕ್ ಬರದಿದ್ದರೆ? ಇದೂ ಸರಿಯೆನಿಸಿತು. ಎರಡು ಸರಿಗಳ ನಡುವೆ ಒಂದು ವಾರ ಓಡಾಡಿದೆ. ಬಸ್ಸಿನಲ್ಲಿ ಹೋಗುವಾಗ ಹೇಳಬೇಕು ಎನಿಸುತ್ತಿತ್ತು, ಬಿಳಿಗೆರೆಯಲ್ಲಿ ಇಳಿದಾಗ ಬೇಡ ಎನಿಸುತ್ತಿತ್ತು. ಈಗ ಕೇಳಿದರೂ ಯಾವುದು ಸರಿಯಿತ್ತೆಂದು ನಾನು ಹೇಳಲಾರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರೋ?

ನಾನು ಹೇಳಿದೆ. ಹೇಳಿದ ರೀತಿಯೇ ನನಗೆ ಇವತ್ತಿಗೂ ನಾಚಿಕೆ. ಕಂಪನ, ಮಾಧ್ಯಮ, ಪ್ರಸರಣ ಎಂದು ಒಂಬತ್ತನೇ ತರಗತಿಯ ಪಾಠವನ್ನೇ ಒಪ್ಪಿಸಿದೆ. ಭಾವ ಅರ್ಧಕ್ಕೇ ಕೈ ಎತ್ತಿ ನಿಲ್ಲಿಸಿದರು. ‘ಎಡಗಡೆದು ಬಿಚ್ಚಿ ಆ ಮಂಚದ ಮೇಲಿಡು.’

ಕಂಬಳಿ ಮಡಿಸಿ, ಪ್ಯಾಡನ್ನು ಅದರ ಮೇಲಿಟ್ಟೆ. ಅವರು ಮಂಚಕ್ಕೂ ಸ್ಟ್ಯಾಂಡಿಗೂ ನಡುವೆ ಕುರ್ಚಿ ಎಳೆಸಿಕೊಂಡು ಎರಡೂ ಕೈಯಿಂದ ಹೊಡೆದರು. ಧಂ. ಹೊಡೆದರು. ಧಂ. ನಾನು ಸಾಕು ಭಾವ ಎಂದೆ. ಅವರು ನಿಲ್ಲಿಸಲಿಲ್ಲ. ಹೊಡೆದಷ್ಟೂ ಧಂ, ಧಂ, ಬರೀ ಧಂ. ಎಡಗೈ ಸದ್ದಿಲ್ಲದೆ ಪ್ಯಾಡಿನ ಮೇಲೆ ಜಾರಿ ಕೂರುತ್ತಿತ್ತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

ಕಡೆಗೆ ಭಾವ ಕಡ್ಡಿಯನ್ನು ಮಂಚದ ಮೇಲೆ ಹಾಕಿದರು. ‘ಅಂದ್ರೆ ಒಂದು ದಿನಾನೂ ಅದು ನಂದಲ್ಲ?’

‘ಗೊತ್ತಿಲ್ಲ ಭಾವ. ಕೆಲವು ನಿಮ್ಮದೂ ಇದ್ದಿರಬಹುದು.’

‘ನೀನ್ ಊರಿಗೆ ಹೋಗು’ ಎಂದರು. ಸಿಟ್ಟಿನಲ್ಲಲ್ಲ. ಸಿಟ್ಟಾಗಿದ್ದರೆ ವಾಸಿಯಿತ್ತು.

ಅಕ್ಕ ಬಸ್ ಸ್ಟಾಪಿನವರೆಗೂ ಬರುತ್ತಿದ್ದವಳು ಅವತ್ತು ಬರಲಿಲ್ಲ. ಸಂಪಿಗೆಯವರಿಗೆ ಭಾವ ತಾವೇ ಫೋನು ಮಾಡಿ ಆಗುವುದಿಲ್ಲ ಎಂದರಂತೆ. ನಾನು ಆ ಕಡೆ ಹೋಗಲಿಲ್ಲ. ಫೋನು ಮಾಡಿದರೆ ಅಕ್ಕ ಎತ್ತಿ, ‘ಹೂಂ, ಅವ್ರೆ, ಉಂಡ್ರು’ ಎಂದು ಇಟ್ಟುಬಿಡುತ್ತಿದ್ದಳು. ತರಗತಿಯಲ್ಲಿ ಶಬ್ದದ ಪಾಠ ಬಂದಾಗ, ಅದನ್ನು ಬಿಟ್ಟು ಮುಂದಿನ ಪಾಠಕ್ಕೆ ಹೋದೆ.

ಎರಡು ತಿಂಗಳ ಮೇಲೆ ಒಂದು ದಿನ ಮಧ್ಯಾಹ್ನದ ಊಟದ ವೇಳೆಗೆ ಅವಳದೇ ಫೋನು ಬಂತು. ಏದುಸಿರು ಬಿಡುತ್ತಿದ್ದಳು.

‘ತಾಗ್ತು ಕಣೋ’ ಎಂದಳು.

‘ಏನಕ್ಕಾ?’

‘ತೊಡೆಗೆ ತಾಗ್ತು.’

ನಿಧಾನವಾಗಿ ವಿಷಯ ತಿಳಿಯಿತು. ಭಾವ ಇಪ್ಪತ್ತು ದಿನ ಏನನ್ನೂ ಮುಟ್ಟದೆ ಕೂತಿದ್ದರಂತೆ. ಒಂದು ಬೆಳಗ್ಗೆ ಅವರೇ ಪ್ಯಾಡು ಕೇಳಿದರಂತೆ. ಎಲ್ಲಿಟ್ಟರೂ ಅವರಿಗೆ ಅನುಮಾನ. ಮಂಚವೂ ಅದುರುತ್ತದೆ, ಜಗಲಿಯೂ ಅದುರುತ್ತದೆ. ‘ನಿನ್ ತೊಡೆ ಮೇಲ್ ಇಟ್ಕೊ’ ಎಂದರಂತೆ. ಅವತ್ತಿನಿಂದ ದಿನವೂ ಅಕ್ಕ ಎದುರಿಗೆ ಕೂತು, ಎಡಗಡೆಯ ಪ್ಯಾಡನ್ನು ತೊಡೆಯ ಮೇಲೆ ಹಿಡಿದುಕೊಳ್ಳುತ್ತಿದ್ದಳು. ಬಲಗೈಯನ್ನು ಬೇಕೆಂದೇ ಸುಮ್ಮನಿಟ್ಟು, ಭಾವ ಎಡಗೈಯೊಂದನ್ನೇ ಎತ್ತಿ ಎತ್ತಿ ಬಿಡುತ್ತಿದ್ದರು. ಆ ದಿನ ಅಕ್ಕನ ತೊಡೆಗೆ ಒಂದು ಏಟು ತಾಗಿದೆ.

‘ಪೆಟ್ಟಿಗೆ ಟಕ್ ಅಂತಾ?’ ಎಂದು ಕೇಳಿದೆ. ಹುಟ್ಟುಗುಣ ನೋಡಿ.

‘ಪೆಟ್ಗೆ ಏನೂ ಅನ್ನಲಿಲ್ಲ. ಅದುಕ್ಕೇನ್ ಗೊತ್ತಾಯ್ತದೆ? ನಂಗ್ ಗೊತ್ತಾಯ್ತು.’

ಜಬ್ಬಾರ್ ಸಾಹೇಬರನ್ನು ಕೇಳಿದೆ. ಕೆಲವು ಏಟು ಬಿಲ್ಲೆಯನ್ನು ಅದುರಿಸುವಷ್ಟು ಚುರುಕಾಗಿರುವುದಿಲ್ಲ, ಬರೀ ಭಾರ ಬಿದ್ದ ಹಾಗೆ ಇರುತ್ತವೆ, ಅಂಥದ್ದು ಪೆಟ್ಟಿಗೆಯ ಲೆಕ್ಕಕ್ಕೆ ಬರುವುದಿಲ್ಲ ಎಂದರು. ಇರಬಹುದು. ಅಕ್ಕನ ಆಸೆಯೇ ಏಟಾಗಿ ತಾಗಿರಬಹುದು ಎಂದೂ ನನಗೆ ಅನಿಸಿತು. ಅದನ್ನು ಈ ಸಲ ಯಾರಿಗೂ ಹೇಳಲಿಲ್ಲ.

ಆಟದ ಸಾಮಾನಿನ ಪೆಟ್ಟಿಗೆಗೆ ಸಹಿ ಹಾಕಿದ ಮಾರನೆಯ ದಿನ ಭಾನುವಾರ. ಬಿಳಿಗೆರೆಗೆ ಹೋಗಿದ್ದೆ. ಭಾವ ‘ಬಾ ಮೇಷ್ಟ್ರೇ’ ಎಂದರು. ಆ ಫೋನಿನ ಮೇಲೆ ನಾನು ಮತ್ತೆ ಹೋಗಿ ಬರತೊಡಗಿದಾಗಿನಿಂದ ಹಾಗೆ ಕರೆಯುತ್ತಾರೆ. ಮತ್ತೆ ಡ್ರಮ್ಮಿಗೆ ಕೂರುವ ಮಾತನ್ನು ಅವರೂ ಆಡುವುದಿಲ್ಲ, ನಾವೂ ಆಡುವುದಿಲ್ಲ. ಆದರೆ ಹತ್ತು ಗಂಟೆಗೆ ಅವರ ಅಭ್ಯಾಸದ ಹೊತ್ತು. ಅಕ್ಕ ಎದುರಿಗೆ ಕೂತಿದ್ದಳು. ಒಲೆಯ ಮೇಲೆ ಏನೋ ಉಕ್ಕಿದ ಸದ್ದಾಯಿತು. ‘ಹಿಡ್ಕಳೋ’ ಎಂದು ಪ್ಯಾಡನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಓಡಿದಳು.

ನಾನು ಪ್ಯಾಡನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಕೂತೆ. ಭಾವ ಕಣ್ಣು ಮುಚ್ಚಿದರು. ಎಡಗೈ ಒಂದು ಗೇಣು ಮೇಲೆದ್ದು, ಅಲ್ಲಿ ಸ್ವಲ್ಪ ನಡುಗಿ, ಇಳಿಯಿತು. ಸ್ಪೀಕರಿನಲ್ಲಿ ಏನೂ ಬರಲಿಲ್ಲ. ನನ್ನ ತೊಡೆಗೆ ಏನೋ ತಾಗಿದ ಹಾಗಾಯಿತು. ಅದು ಅವರ ಏಟೋ, ನನ್ನದೇ ನಾಡಿಯ ಬಡಿತವೋ, ಬಯಸಿದ್ದರಿಂದ ಹುಟ್ಟಿದ್ದೋ ತಿಳಿಯಲಿಲ್ಲ. ಅಳೆಯಲು ನನ್ನಲ್ಲಿ ಸಾಧನವಿರಲಿಲ್ಲ, ವಿವರಿಸಲು ಪಾಠವೂ ಇರಲಿಲ್ಲ.

‘ಬಂತಾ?’ ಎಂದರು ಭಾವ, ಕಣ್ಣು ತೆರೆಯದೆ.

ಬಂತು ಎಂದರೆ ಸಂತೋಷಪಡುತ್ತಿದ್ದರು. ಇಲ್ಲ ಎಂದರೂ ಈಗ ತಡೆದುಕೊಳ್ಳುತ್ತಿದ್ದರು.

‘ಗೊತ್ತಾಗಲಿಲ್ಲ ಭಾವ’ ಎಂದೆ. ‘ಇನ್ನೊಂದು ಸಲ ಹೊಡೀರಿ.’

ಅವರು ನಕ್ಕರು. ನಾನು ಇನ್ನಷ್ಟು ಹತ್ತಿರಕ್ಕೆ ಸರಿದು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತೆ. ಕೈ ಮತ್ತೆ ಮೇಲೆದ್ದಿತು.